ಶುಕ್ರವಾರ ನೋಡಿ ತಂದ ಸಿಮ್

ಆ ಹತ್ತು ದಿನ ನನ್ನ ಮಗಳ ಮದುವೆ ಒಂದು ಫೋನ್ ಕರೆಗಾಗಿ ಕಾದು ಕುಳಿತಿತ್ತು. ಕರೆ ಬರಬೇಕಾದದ್ದು ನನ್ನ ಮೊಬೈಲಿಗೆ. ನನ್ನ ಮೊಬೈಲು ದಿನವಿಡೀ ಇರುತ್ತಿದ್ದದ್ದು ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ. ಅಲ್ಲಿ ಅದಕ್ಕೆ ಮನಸ್ಸಾದಾಗ ಜೀವ ಬರುತ್ತಿತ್ತು, ಇಲ್ಲದಾಗ ಇಲ್ಲ.

ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷವಾಗಿತ್ತು. ನಾನು ಆ ಮಾರುಕಟ್ಟೆಯಲ್ಲಿ ಸಣ್ಣ ದಲಾಲಿ ಅಂಗಡಿಯವನು. ರೈತರು ಚೀಲ ತಂದು ನನ್ನ ಅಂಗಡಿಯ ಮುಂದೆ ಇಳಿಸುತ್ತಾರೆ, ನಾನು ನೋಡಿ, ಗುಣದ ಪ್ರಕಾರ ಗುಂಪು ಮಾಡಿ ಲಾಟು ಹಚ್ಚುತ್ತೇನೆ, ಖರೀದಿದಾರರು ಬಂದು ತಮ್ಮ ದರದ ಟೆಂಡರ್ ಚೀಟಿ ಬರೆಯುತ್ತಾರೆ. ನೋಡುವುದು ಎಂದರೆ ಕಣ್ಣಿನಿಂದ ನೋಡುವುದಲ್ಲ. ಚೀಲದ ಬಾಯಲ್ಲಿ ಕಾಣುವ ಕಾಯಿ ಯಾವಾಗಲೂ ಚೆನ್ನಾಗಿಯೇ ಇರುತ್ತದೆ. ಅದನ್ನು ಅಲ್ಲಿ ಇಟ್ಟದ್ದೇ ಕಾಣಲಿ ಅಂತ. ಮೊಣಕೈ ಮುಳುಗುವವರೆಗೆ ಕೈ ಹಾಕಿ ತಳದಿಂದ ಒಂದು ಹಿಡಿ ಎತ್ತಬೇಕು, ಮುರಿಯಬೇಕು, ಮೂಸಬೇಕು, ಕಿವಿಯ ಹತ್ತಿರ ಅಲ್ಲಾಡಿಸಿ ಬೀಜದ ಸದ್ದು ಕೇಳಬೇಕು. ತಳದಲ್ಲಿ ಹಸಿ ಕಾಯಿ ಸಿಕ್ಕರೆ ರೈತ ಹೇಳುವ ಮಾತೂ ಒಂದೇ: ರಾತ್ರಿ ಇಬ್ಬನಿ ಬಿದ್ದಿತ್ತು. ನಾನು ಹೇಳುವ ಮಾತೂ ಒಂದೇ: ಇಬ್ಬನಿ ತಳಕ್ಕೆ ಹೇಗೆ ಬಿತ್ತು? ಇಪ್ಪತ್ತೈದು ವರ್ಷ ಈ ಪ್ರಶ್ನೆ ಕೇಳಿ ನನಗೆ ನನ್ನ ಬಗ್ಗೆ ಒಂದು ಅಭಿಪ್ರಾಯ ಬೆಳೆದಿತ್ತು.

ಉಳಿದ ವಿಷಯಗಳಲ್ಲಿ ನಾನು ಚಿಂತೆಯ ಮನುಷ್ಯ. ಬೀಗ ಹಾಕಿ ಬಂದು, ಹಾಕಿದೆನೋ ಇಲ್ಲವೋ ಎಂದು ತಿರುಗಿ ಹೋಗಿ ಎಳೆದು ನೋಡುವವನು. ಎಳೆದದ್ದರಿಂದಲೇ ಸಡಿಲಾಯಿತೇನೋ ಎಂದು ಮತ್ತೊಮ್ಮೆ ಹೋಗುವವನು.

ಮಗಳು ಹಾವೇರಿಯ ಒಂದು ಹೈಸ್ಕೂಲಿನಲ್ಲಿ ಟೀಚರ್. ದಿನಾ ಬ್ಯಾಡಗಿಯಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ನಾಲ್ಕು ಸಂಬಂಧಗಳಿಗೆ ಅವಳು ಬೇಡ ಎಂದಿದ್ದಳು, ಕಾರಣ ಕೇಳಿದರೆ ಅದನ್ನೂ ಹೇಳಿರಲಿಲ್ಲ. ಐದನೆಯದನ್ನು ತಂದವನು ನನ್ನ ಹೆಂಡತಿಯ ತಮ್ಮ. ಹುಡುಗನದು ಐರಣಿ, ರಾಣೇಬೆನ್ನೂರಿನಲ್ಲಿ ಬೀಜದ ಅಂಗಡಿ. ಮನೆಯ ಯಜಮಾನಿಕೆ ಹುಡುಗನ ದೊಡ್ಡಪ್ಪನದು. ಒಂದು ಶನಿವಾರ ಎರಡೂ ಮನೆಯವರು ಕದರಮಂಡಲಗಿ ಆಂಜನೇಯನ ದರ್ಶನಕ್ಕೆ ಹೋದೆವು, ಅಲ್ಲಿ ಅಕಸ್ಮಾತ್ ಭೇಟಿಯಾದಂತೆ ಭೇಟಿಯಾದೆವು. ಕೂಡಿಬರದಿದ್ದರೆ ಯಾರಿಗೂ ಮುಜುಗರವಾಗಬಾರದೆಂದು ನಮ್ಮ ಕಡೆ ಹೀಗೆ ಮಾಡುತ್ತೇವೆ. ಹುಡುಗ ಹುಡುಗಿ ಗುಡಿಯ ಹಿಂದಿನ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಮಾತಾಡಿದರು. ತಿರುಗಿ ಬರುವಾಗ ಟೆಂಪೋದಲ್ಲಿ ಮಗಳು ಕಿಟಕಿಯಿಂದ ಹೊರಗೆ ನೋಡುತ್ತಲೇ, ಯಾರೂ ಕೇಳದೆ, "ಆಗಬಹುದು" ಅಂದಳು. ನನ್ನ ಹೆಂಡತಿ ಕಣ್ಣು ಮುಚ್ಚಿ, ಗುಡಿ ಇದ್ದ ದಿಕ್ಕಿಗೆ ಕೈ ಮುಗಿದಳು. ನಾನು ಆ ಕ್ಷಣದಿಂದಲೇ ಚಿಂತಿಸಲು ಶುರು ಮಾಡಿದೆ.

ಏಕೆಂದರೆ ದೊಡ್ಡಪ್ಪ ಗುಡಿಯ ಮೆಟ್ಟಿಲ ಹತ್ತಿರ ಚಪ್ಪಲಿ ಮೆಟ್ಟುತ್ತ ಹೇಳಿದ್ದು ಇಷ್ಟೇ: "ಮನ್ಯಾಗ ಕುಂತು ಮಾತಾಡಿ ಹೇಳ್ತೇನ್ರಿ ಸಾವ್ಕಾರ್ರ. ಈ ಸೋಮವಾರ ಬ್ಯಾಡ, ಬರೂ ಸೋಮವಾರ ಫೋನ್ ಮಾಡ್ತೇನಿ. ನಂಬರ್ ಕೊಡ್ರಿ."

ನಾನು ಮೊಬೈಲ್ ನಂಬರ್ ಕೊಟ್ಟೆ. ಬೇರೆ ನಂಬರ್ ಇರಲೂ ಇಲ್ಲ. ಹಿಂದಿನ ವರ್ಷ ಮೊಬೈಲ್ ಕೊಂಡ ಹುರುಪಿನಲ್ಲಿ ಮನೆಯ ಫೋನನ್ನು ನನ್ನ ಕೈಯಾರೆ ಅರ್ಜಿ ಬರೆದು ತೆಗೆಸಿದ್ದೆ. ಇನ್ನು ಮುಂದೆ ಇದರ ಅವಶ್ಯಕತೆ ಇರುವುದಿಲ್ಲ ಎಂದು ಅರ್ಜಿಯಲ್ಲಿ ಬರೆದದ್ದು ಈಗಲೂ ನೆನಪಿದೆ. ಅಕ್ಷರ ದುಂಡಗಿದ್ದವು.

ಆ ಸಂಜೆ ಹೆಂಡತಿಯ ತಮ್ಮ ಚಹಾ ಕುಡಿಯುತ್ತ ನನ್ನ ಚಿಂತೆಗೆ ಇನ್ನೊಂದು ಚೀಲ ಸೇರಿಸಿ ಹೋದ. "ಮಾವಾರ, ಆ ಹಿರ್ಯಾ ಒಂದ ಮಾತಿನ ಮನಿಷ್ಯಾ. ಒಂದ ಸಲ ಫೋನ್ ಮಾಡ್ತಾನ. ಎತ್ತಲಿಲ್ಲಂದ್ರ, ಇವರಿಗೆ ಮನಸ್ಸಿಲ್ಲಂತ ತಿಳಕೊಂಡು ಮುಂದಿನ ಹುಡುಗೀನ್ನ ನೋಡಾಕ ಹೋಗ್ತಾನ."

ಮಗಳು ಒಳಗೆ ಪೇಪರು ತಿದ್ದುತ್ತ ಕೂತಿದ್ದಳು. ಕೇಳಿಸಿಕೊಂಡಳೋ ಇಲ್ಲವೋ ಗೊತ್ತಾಗಲಿಲ್ಲ. ಆದರೆ ಅಂದಿನಿಂದ ಊಟವಾದ ಮೇಲೆ ನನ್ನ ಮೊಬೈಲನ್ನು ಅವಳೇ ಒಯ್ದು ಚಾರ್ಜಿಗೆ ಹಚ್ಚುವಳು. ಬೆಳಿಗ್ಗೆ ಹಾವೇರಿ ಬಸ್ಸಿಗೆ ಹೊರಡುವ ಮುಂಚೆ ಪ್ಲಗ್ಗಿನಿಂದ ತೆಗೆದು, ಪರದೆಯನ್ನು ದುಪಟ್ಟಾದ ತುದಿಯಿಂದ ಒರೆಸಿ, ನನ್ನ ಅಂಗಿಯ ಹತ್ತಿರ ಇಟ್ಟು ಹೋಗುವಳು.

ಮೊದಲ ಸೋಮವಾರ ಬಂತು. ಸೋಮವಾರ ಮತ್ತು ಗುರುವಾರ ನಮ್ಮ ಮಾರುಕಟ್ಟೆಯ ದಿನ. ಸುಗ್ಗಿಯ ಕಾಲ, ಗೇಟಿನಿಂದ ಸ್ಟೇಷನ್ ರಸ್ತೆಯವರೆಗೆ ಗಾಡಿ, ಟ್ರ್ಯಾಕ್ಟರು, ಲಾರಿ. ಅಂದು ಮೊಬೈಲಿನಿಂದ ಒಂದು ಕರೆಯೂ ಹೋಗಲಿಲ್ಲ, ಬರಲೂ ಇಲ್ಲ. ಇದು ಹೊಸದೇನಲ್ಲ, ಮಾರುಕಟ್ಟೆಯ ದಿನ ಅದು ಹಾಗೆಯೇ ಮಾಡುತ್ತಿತ್ತು. ಆದರೆ ಮುಂದಿನ ಸೋಮವಾರವೂ ಹೀಗೇ ಆದರೆ ಎಂಬ ಯೋಚನೆ ಬಂದದ್ದೇ ನನಗೆ ಕಂಪನಿಯ ಮೇಲೆ ಸಿಟ್ಟು ಬಂತು. ಮಂಗಳವಾರ ಹಾವೇರಿಯಲ್ಲಿದ್ದ ಅವರ ಕಚೇರಿಗೆ ಹೋದೆ.

ಕೌಂಟರಿನಲ್ಲಿ ಕೂತಿದ್ದ ಹುಡುಗಿ ನನ್ನ ಮಗಳ ವಯಸ್ಸಿನವಳು. ಫ್ಯಾನಿನ ಗಾಳಿಗೆ ಹಾರುವ ಕಾಗದಗಳ ಮೇಲೆ ಸ್ಟೇಪ್ಲರ್ ಇಡುತ್ತ ನನ್ನ ದೂರನ್ನು ಪೂರ್ತಿ ಕೇಳಿದಳು.

"ಯಾವ್ಯಾವ ವಾರ ಹಿಂಗ ಆಕೈತ್ರಿ ಸರ್?"

"ಸೋಮವಾರ, ಗುರುವಾರ."

"ಆ ವಾರ ಅಲ್ಲಿ ಏನಿರ್ತೈತ್ರಿ?"

"ಬಜಾರ."

"ಮಂದಿ ಭಾಳ ಇರ್ತಾರೇನ್ರಿ?"

ಬ್ಯಾಡಗಿ ಬಜಾರಕ್ಕೆ ಮಂದಿ ಬಹಳ ಇರುತ್ತಾರೆಯೇ ಎಂದು ಹಾವೇರಿಯವಳೊಬ್ಬಳು ಕೇಳಿದ್ದಕ್ಕೆ ನನಗೆ ಬೇಸರವಾಯಿತು. ಅವಳು ಶಾಂತವಾಗಿ ವಿವರಿಸಿದಳು: ಟವರ್ ಒಂದು, ಅದಕ್ಕೆ ತಡೆಯುವಷ್ಟು ಕರೆಗಳು ಇಷ್ಟು ಅಂತ ಇರುತ್ತದೆ, ಎಲ್ಲರೂ ಒಂದೇ ಹೊತ್ತಿಗೆ ಒಂದೇ ಕಡೆ ನಿಂತು ಮಾತಾಡಹೊರಟರೆ ಯಾರದೂ ಹತ್ತುವುದಿಲ್ಲ, ಯಾವ ಕಂಪನಿಯದಾದರೂ ಅಷ್ಟೇ. ನಾನು ತಲೆಯಾಡಿಸಿದೆ. ಮನಸ್ಸಿನಲ್ಲಿ ಮಾತ್ರ, ಇಬ್ಬನಿ ಬಿದ್ದಿತ್ತು ಅನ್ನುತ್ತಿದ್ದಾಳೆ ಅಂದುಕೊಂಡೆ.

ಹೊರಡುವಾಗ ಒಂದು ಫಾರ್ಮ್ ಕೊಟ್ಟಳು. ಸೇವೆ ಹೇಗಿದೆ: ಅತ್ಯುತ್ತಮ, ಉತ್ತಮ, ಸಾಧಾರಣ, ಕಳಪೆ. ನಾನು ಕಳಪೆಗೆ ಗುರುತು ಹಾಕಿದೆ. ಬಸ್ ಸ್ಟ್ಯಾಂಡಿಗೆ ಬಂದ ಮೇಲೆ ಈ ಗುರುತಿನಿಂದ ಆ ಹುಡುಗಿಯ ಕೆಲಸಕ್ಕೆ ಕುತ್ತು ಬಂದರೆ ಎಂದು ಚಿಂತೆಯಾಯಿತು. ತಿರುಗಿ ಹೋಗಿ, ಫಾರ್ಮ್ ಕೇಳಿ ಪಡೆದು, ಕೆಳಗೆ "ಕೌಂಟರಿನವರ ಮಾತು ಮಾತ್ರ ಅತ್ಯುತ್ತಮ" ಎಂದು ಬರೆದು ಸಹಿ ಮಾಡಿ ಬಂದೆ.

ಗುರುವಾರ ಮತ್ತೆ ಮಾರುಕಟ್ಟೆ, ಮತ್ತೆ ಮೊಬೈಲು ಸತ್ತಿತು. ಕಂಪನಿ ಬದಲಾಯಿಸುವುದು ಎಂದು ನಿರ್ಧರಿಸಿದೆ. ಆಗ ಕಂಪನಿ ಬದಲಾಯಿಸಿದರೆ ನಂಬರೂ ಬದಲಾಗುತ್ತಿತ್ತು. ಇದ್ದ ನಂಬರನ್ನೇ ಹೊತ್ತುಕೊಂಡು ಹೋಗುವ ಸೌಕರ್ಯ ಬಂದದ್ದು ಆಮೇಲೆ. ಹೊಸ ನಂಬರನ್ನು ಐರಣಿಗೆ ತಲುಪಿಸುವ ಜವಾಬ್ದಾರಿಯೂ ಸೇರಿತು. ಆದ್ದರಿಂದ ಆಯ್ಕೆಯಲ್ಲಿ ತಪ್ಪಾಗಬಾರದು. ಜಾಹೀರಾತು ನೋಡಿ ಕೊಳ್ಳುವವನು ನಾನಲ್ಲ. ಕಂಪನಿಗಳನ್ನು ಕಾಯಿ ನೋಡಿದಂತೆ ನೋಡುವುದು, ಮೇಲೆ, ನಡುವೆ, ತಳ ಮೂರೂ ಕಡೆ ಕೈ ಹಾಕಿ ನೋಡುವುದು ಎಂದು ನಿಶ್ಚಯಿಸಿದೆ.

ಶುಕ್ರವಾರ ಬಿಡುವಿತ್ತು. ಊರಿನಲ್ಲಿ ನನ್ನದು ಬಿಟ್ಟರೆ ಇನ್ನೆರಡು ಕಂಪನಿಗಳಿದ್ದವು. ನನ್ನ ಮೊಬೈಲನ್ನು ಮನೆಯಲ್ಲಿ ಹೆಂಡತಿಯ ಕೈಗೆ ಕೊಟ್ಟೆ. ಎರಡನೆಯ ಕಂಪನಿಯ ಫೋನನ್ನು ಪಕ್ಕದ ಅಂಗಡಿಯವರಿಂದಲೂ ಮೂರನೆಯದನ್ನು ಹೆಂಡತಿಯ ತಮ್ಮನಿಂದಲೂ ಎರವಲು ತಂದು, ಮಾರುಕಟ್ಟೆಯ ಗೇಟಿನಲ್ಲಿ ನಿಂತು ಒಂದೊಂದರಿಂದ ಮನೆಗೆ ಕರೆ ಮಾಡಿದೆ. ಅಲ್ಲಿಂದ ಅಂಗಡಿಯ ಮುಂದೆ. ಅಲ್ಲಿಂದ ತೂಕದ ಕಾಟಾದ ಹಿಂದೆ. ಕೊನೆಗೆ ಶೀತಲಗೃಹದ ಬಾಗಿಲೊಳಗೆ, ಗೋಡೆ ಎಷ್ಟು ದಪ್ಪವೆಂದರೆ ಪಕ್ಕದವನ ಕೂಗೇ ಕೇಳಿಸದ ಜಾಗದಲ್ಲಿ. ಪ್ರತಿ ಸಲವೂ ನಾನು ಕೇಳುತ್ತಿದ್ದದ್ದು ಕೇಳಿಸುತ್ತದೆಯೇ ಎಂದು. ಏಳನೆಯ ಸಲಕ್ಕೆ ಹೆಂಡತಿ ಹೇಳಿದಳು:

"ಕೇಳಸ್ತೈತ್ರಿ. ಆದ್ರ ಕೇಳೂವಂಥಾದ್ದು ಏನೂ ಹೇಳವಲ್ರಿ ನೀವು."

ಕ್ಯಾಲೆಂಡರಿನ ಹಳೆಯ ಹಾಳೆಯ ಹಿಂದೆ ಎಲ್ಲ ಬರೆದುಕೊಂಡೆ. ಎರಡನೆಯ ಕಂಪನಿ: ಗೇಟು ಚಲೋ, ಅಂಗಡಿ ಚಲೋ, ಕಾಟಾ ಚಲೋ, ಶೀತಲಗೃಹ ಸಾಧಾರಣ. ಮೂರನೆಯದು: ಶೀತಲಗೃಹದಲ್ಲಿ ಕಸ. ಪ್ರಾಮಾಣಿಕತೆಗಾಗಿ ಸಂಜೆ ಎರವಲಿನದೊಂದನ್ನು ಹೆಂಡತಿಯ ಕೈಗೆ ಕೊಟ್ಟು ನನ್ನ ಹಳೆಯ ಕಂಪನಿಯ ಫೋನನ್ನೂ ಒಯ್ದು ನೋಡಿದೆ. ಅದೂ ಎಲ್ಲ ಕಡೆ ಚೆನ್ನಾಗಿಯೇ ಹತ್ತಿತು. ಬಿಟ್ಟು ಹೋಗುತ್ತಿದ್ದೇನೆ ಎಂದು ಗೊತ್ತಾಗಿ ನಾಟಕ ಮಾಡುತ್ತಿದೆ ಅಂದುಕೊಂಡು ಅದನ್ನು ಬರೆದುಕೊಳ್ಳಲಿಲ್ಲ.

ಅಂದು ಮಾರುಕಟ್ಟೆಯಲ್ಲಿ ಇದ್ದದ್ದು ನಾನು, ಕಸ ಗುಡಿಸುವ ಇಬ್ಬರು ಹೆಂಗಸರು, ಚೆಲ್ಲಿದ ಬೀಜ ತಿನ್ನಲು ಬಂದ ಪಾರಿವಾಳಗಳು. ಇದನ್ನೂ ಬರೆದುಕೊಳ್ಳಲಿಲ್ಲ.

ಶನಿವಾರ ರಾಣೇಬೆನ್ನೂರಿಗೆ ಹೋಗಿ ಫೋಟೋ, ರೇಷನ್ ಕಾರ್ಡಿನ ಝೆರಾಕ್ಸ್ ಕೊಟ್ಟು ಎರಡನೆಯ ಕಂಪನಿಯ ಸಿಮ್ ತಂದೆ. ಹುಡುಗನ ಬೀಜದ ಅಂಗಡಿ ಅದೇ ರಸ್ತೆಯಲ್ಲಿತ್ತು. ಕಂಡರೆ ಏನು ತಿಳಿದುಕೊಂಡಾನೋ ಎಂದು ಟವೆಲ್ಲು ತಲೆಗೆ ಸುತ್ತಿಕೊಂಡು ಎದುರಿನ ಬದಿಯಿಂದ ನಡೆದೆ. ಭಾನುವಾರ ಸಿಮ್ ಶುರುವಾಯಿತು. ಹೊಸ ನಂಬರನ್ನು ಎರಡು ಚೀಟಿಯಲ್ಲಿ ಬರೆದು, ಒಂದು ಕಳೆದರೆ ಇನ್ನೊಂದಿರಲಿ ಎಂದು ಎರಡನ್ನೂ ಹೆಂಡತಿಯ ತಮ್ಮನ ಕೈಗೆ ಕೊಟ್ಟು ಐರಣಿಗೆ ಕಳಿಸಿದೆ. ಎರಡನ್ನೂ ಅವನು ಒಂದೇ ಜೇಬಿನಲ್ಲಿ ಇಟ್ಟುಕೊಂಡ.

ಅವನು ಚೀಟಿ ಕೊಟ್ಟು ಬಂದ. ದೊಡ್ಡಪ್ಪ ಓದಿ ಮಡಚಿ ಇಟ್ಟುಕೊಂಡರಂತೆ, ಏನೂ ಅನ್ನಲಿಲ್ಲವಂತೆ. ಈಗ ಅವರ ಹತ್ತಿರ ನನ್ನ ಎರಡು ನಂಬರು. ಯಾವುದಕ್ಕೆ ಮಾಡುತ್ತಾರೆ? ನಾನು ಪಕ್ಕದ ಅಂಗಡಿಯವರ ಹಳೆಯ ಹ್ಯಾಂಡ್‌ಸೆಟ್ ಒಂದನ್ನು ಕೇಳಿ ತಂದು, ಹಳೆಯ ಸಿಮ್ ಅದಕ್ಕೆ ಹಾಕಿದೆ. ಅಂದು ಮಗಳು ಎರಡನ್ನೂ ಚಾರ್ಜಿಗೆ ಹಚ್ಚಿದಳು. ಸೋಮವಾರ ಬೆಳಿಗ್ಗೆ ಎರಡನ್ನೂ ಒರೆಸಿ ಇಟ್ಟಳು. ಬಾಗಿಲವರೆಗೆ ಹೋಗಿ ತಿರುಗಿ ನಿಂತು, "ಅಪ್ಪಾ, ಸಾಲೀಗೆ ಫೋನ್ ಮಾಡಬ್ಯಾಡ್ರಿ. ಏನ ಇದ್ರೂ ಸಂಜೀಕ ಬಂದ ಕೇಳ್ತೇನಿ" ಅಂದಳು. ಧ್ವನಿ ಟೀಚರಿನದೇ ಆಗಿತ್ತು, ಆದರೆ ಅವಳು ಬಲಗಾಲಿನ ಚಪ್ಪಲಿ ಎಡಗಾಲಿಗೆ ಹಾಕಿಕೊಂಡಿದ್ದಳು. ನಾನು ನೋಡಿದೆನೆಂದು ಅವಳೂ ನೋಡಿದಳು. ಬದಲಾಯಿಸಿಕೊಂಡು ಹೋದಳು.

ಎರಡು ಜೇಬಿಗೆ ಎರಡು ಫೋನ್ ಹಾಕಿಕೊಂಡು ಹೊರಟವನನ್ನು ನೋಡಿ ಹೆಂಡತಿ, ದೇವರ ಮುಂದೆ ಹಚ್ಚಿದ ಊದುಬತ್ತಿಯ ಹೊಗೆಯನ್ನು ಎರಡಕ್ಕೂ ತೋರಿಸಿ ಕಳಿಸಿದಳು.

ಹತ್ತು ಗಂಟೆಯವರೆಗೆ ಹೊಸ ಸಿಮ್ಮಿನ ಫೋನಿನಲ್ಲಿ ಸಿಗ್ನಲ್ಲಿನ ಗೆರೆಗಳೆಲ್ಲ ತುಂಬಿದ್ದವು. ನಾನು ಪಕ್ಕದ ಅಂಗಡಿಯವರಿಗೆ ತೋರಿಸಿ ನಾಲ್ಕು ಬಡಾಯಿ ಮಾತು ಆಡಿಯೂ ಬಿಟ್ಟೆ. ಹತ್ತೂವರೆಗೆ ಗಾಡಿಗಳು ತುಂಬಿದವು. ಹನ್ನೊಂದಕ್ಕೆ ಗೆರೆಗಳು ಇದ್ದವು, ಕರೆ ಹೋಗಲಿಲ್ಲ. ಹನ್ನೊಂದೂಕಾಲಿಗೆ ಗೆರೆಗಳೂ ಹೋದವು. ಎಡ ಜೇಬಿನ ಹಳೆಯ ಕಂಪನಿಯದು ಅದಕ್ಕಿಂತ ಮುಂಚೆಯೇ ಹೋಗಿತ್ತು. ಸುತ್ತ ನೋಡಿದೆ. ಇಡೀ ಮಾರುಕಟ್ಟೆಯಲ್ಲಿ ಪ್ರತಿ ಮೂರನೆಯ ಮನುಷ್ಯ ಫೋನು ಕಿವಿಗೆ ಒತ್ತಿಕೊಂಡು, "ಹಲೋ, ಹಲೋ" ಎಂದು ಯಾರಿಗೂ ಕೇಳಿಸದ ಮಾತಾಡುತ್ತಿದ್ದ. ಹಾವೇರಿಯ ಕೌಂಟರಿನ ಹುಡುಗಿ ಸ್ಟೇಪ್ಲರ್ ಇಡುತ್ತ ಹೇಳಿದ ಮಾತುಗಳು ಒಂದೊಂದಾಗಿ ನೆನಪಾದವು. ಅವಳು ಇಬ್ಬನಿಯ ಕಥೆ ಹೇಳಿರಲಿಲ್ಲ. ಬಜಾರ ಇಲ್ಲದ ದಿನ ಬಜಾರದ ಸಿಗ್ನಲ್ ನೋಡಿ, ಚೀಲದ ಬಾಯಿಯ ಕಾಯಿಗೆ ಚಲೋ ಎಂದು ಬರೆದು ಬಂದವನು ನಾನು.

ಅಂಗಡಿ ಬಿಟ್ಟು ಸ್ಟೇಷನ್ ಕಡೆಗೆ ಹೋದರೆ ಹತ್ತಬಹುದು. ಆದರೆ ಟೆಂಡರಿನ ಹೊತ್ತು, ಮುಂದೆ ಲಾಟು ಹಚ್ಚಿಸಲು ಕಾಯುತ್ತಿದ್ದ ರೈತರು. ಒಂದು ಕೈಯಲ್ಲಿ ಫೋನು ಎತ್ತಿ ಹಿಡಿದುಕೊಂಡೇ ಇನ್ನೊಂದು ಕೈಯನ್ನು ಚೀಲಗಳಿಗೆ ಹಾಕಿದೆ. ಒಬ್ಬ ರೈತನ ಮೂರು ಚೀಲದ ತಳದಲ್ಲಿ ಹಸಿ ಕಾಯಿ ಸಿಕ್ಕಿತು. ಬೇರೆ ಹರವು, ಒಣಗಿದ ಮೇಲೆ ಗುರುವಾರ ಹಚ್ಚೋಣ ಅಂದೆ. ಇಬ್ಬನಿ ಅಂದ. ಆ ದಿನ ನನಗೆ ಪ್ರಶ್ನೆ ಕೇಳುವ ಧೈರ್ಯವಾಗಲಿಲ್ಲ. ಸುಮ್ಮನೆ ಬೇರೆ ಹರವಿಸಿದೆ.

ಆಮೇಲೆ ಬೇರೆ ದಾರಿ ಕಾಣದೆ ಅಂಗಡಿಯ ಮುಂದೆ ಒಟ್ಟಿದ್ದ ಚೀಲಗಳ ಮೇಲೆ ಹತ್ತಿದೆ. ಆಳೆತ್ತರಕ್ಕಿಂತ ಮೇಲೆ. ಎರಡೂ ಕೈಯಲ್ಲಿ ಎರಡು ಫೋನು ಎತ್ತಿ ಹಿಡಿದು ನಾಲ್ಕೂ ದಿಕ್ಕಿಗೆ ತಿರುಗಿದೆ. ಘಾಟಿಗೆ ಸೀನು ಬಂತು, ಮೂಗು ಮುಚ್ಚಲು ಕೈ ಇರಲಿಲ್ಲ. ಕೆಳಗೆ ಹಮಾಲರು, ನನ್ನನ್ನು ಇಳಿಸಲು ಹಮಾಲಿಯನ್ನು ಚೀಲದ ಲೆಕ್ಕದಲ್ಲಿ ಕೇಳಬೇಕೋ ತೂಕದ ಲೆಕ್ಕದಲ್ಲೋ ಎಂದು ತಮ್ಮತಮ್ಮಲ್ಲೇ ಚರ್ಚಿಸಿದರು.

"ಬೀಗರ, ಕೆಳಗ ಇಳೀರಿ. ಬಿದ್ದಗಿದ್ದೀರಿ."

ಯಾರದೋ ಬೀಗರನ್ನು ಯಾರೋ ಕರೆಯುತ್ತಿದ್ದಾರೆ ಅಂದುಕೊಂಡು ನಾನು ಪೂರ್ವಕ್ಕೆ ತಿರುಗಿದೆ.

"ನಿಮಗ ಹೇಳಾಕತ್ತೇನ್ರಿ, ಬೀಗರ."

ಕೆಳಗೆ ನೋಡಿದೆ. ತಲೆಗೆ ಬಿಳಿ ಪಟಗ, ಕೈಯಲ್ಲಿ ಫೋನು. ಐರಣಿಯ ದೊಡ್ಡಪ್ಪ.

ಆ ಹೊತ್ತಿಗೆ ಆಡಬೇಕಾದ ಮಾತುಗಳು ಹಲವಿದ್ದವು. ನನ್ನ ಬಾಯಿಂದ ಬಂದದ್ದು: "ನಿಮ್ಮದ್ರಾಗ ರೇಂಜ್ ಐತೇನ್ರಿ?"

"ಇಲ್ರಿ," ಅಂದರು ಅವರು. "ಹಳೇ ನಂಬರಿಗೂ ಮಾಡ್ದೆ, ಹೊಸಾದಕ್ಕೂ ಮಾಡ್ದೆ. ಯಾವುದೂ ಹತ್ತವಲ್ದು."

ಇಳಿದೆ. ಹಮಾಲರು ಕೈ ಕೊಟ್ಟರು, ಪುಕ್ಕಟೆ. ದೊಡ್ಡಪ್ಪ ಹತ್ತಕ್ಕೇ ಬಂದಿದ್ದರಂತೆ, ತಮ್ಮ ಮನೆಯ ಕಾಯಿಯ ಜೊತೆ, ಇನ್ನೊಬ್ಬ ದಲಾಲರ ಅಂಗಡಿಗೆ. ಬಂದು ನನ್ನೆದುರಿನ ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದರಂತೆ. ಹೆಣ್ಣು ತರುವ ಮನೆಯನ್ನು ಹೇಳದೆ ಬಂದು ನೋಡಿ ಹೋಗುವುದು ನಮ್ಮಲ್ಲಿ ಇದ್ದದ್ದೇ, ನಾನೂ ಎರಡು ದಿನದ ಹಿಂದೆ ಬೀಜದಂಗಡಿಯ ಮುಂದೆ ಟವೆಲ್ಲು ಸುತ್ತಿಕೊಂಡು ಹಾದವನೇ. ಆದರೆ ಅವರು ನೋಡಲು ಆರಿಸಿಕೊಂಡದ್ದು ಸೋಮವಾರವನ್ನು. ಮನುಷ್ಯ ಗದ್ದಲದಲ್ಲಿ ಹೇಗಿರುತ್ತಾನೆ ನೋಡಬೇಕಿತ್ತಂತೆ. ಫೋನು ಹಿಡಿದುಕೊಂಡೂ ನಾನು ತಳದಲ್ಲಿ ಕೈ ಹಾಕುವುದನ್ನು ಬಿಡಲಿಲ್ಲ, ಸಂಬಂಧಕ್ಕೆ ತಮಗೆ ಅಷ್ಟು ಸಾಕು ಅಂದರು.

ಚಹಾ ತರಿಸಿದೆ. ಎರಡು ಫೋನು ಯಾಕೆ ಎಂದು ಕೇಳಿದರು. ಬೀಗರಾದ ಮೇಲೆ ಸುಳ್ಳು ಹೇಳಬಾರದೆಂದು ಕಂಪನಿ ಬದಲಾಯಿಸಿದ ಕಥೆ ಪೂರ್ತಿ ಹೇಳಿದೆ. ಗೇಟು, ಕಾಟಾ, ಶೀತಲಗೃಹ, ಕ್ಯಾಲೆಂಡರಿನ ಹಾಳೆ.

"ಯಾವ ವಾರ ನೋಡಿದ್ರಿ ಇದನ್ನೆಲ್ಲಾ?"

"ಶುಕ್ರವಾರ."

ಬಸಿಯಲ್ಲಿ ಉಳಿದ ಚಹಾ ಕುಡಿದು ಮುಗಿಸಿದರು.

"ಶುಕ್ರವಾರ ಬಜಾರ ಇರೂದಿಲ್ಲಲ್ರಿ."

"ಇಲ್ರಿ."

ಕೊಟ್ಟ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಾರೇನೋ ಎಂದು ಇನ್ನೊಂದು ಚಹಾ ಹೇಳಿದೆ. ಅವರು ಬಸಿ ಕೆಳಗಿಟ್ಟು, ಪಟಗ ಸರಿಮಾಡಿಕೊಂಡು, "ಹುಡುಗೀಗೆ ತಾಯಿ ಬುದ್ಧಿ ಬಂದಿರಬೇಕ ಬಿಡ್ರಿ" ಅಂದು ತಮ್ಮ ಲಾಟು ನೋಡಲು ಹೋದರು.

ಈ ಮಾತನ್ನು ನಾನು ಹಲವು ವರ್ಷ ಯಾರಿಗೂ ಹೇಳಲಿಲ್ಲ.

ಸಂಜೆ ಮಗಳು ಬರುವ ಹೊತ್ತಿಗೆ ಹೆಂಡತಿಗೆ ಎಲ್ಲ ಗೊತ್ತಾಗಿತ್ತು, ಹೇಳುವ ಹಕ್ಕು ಮಾತ್ರ ನನಗೆ ಬಿಟ್ಟಿದ್ದಳು. ಮಗಳು ಚೀಲವನ್ನು ಮೊಳೆಗೆ ಹಾಕಿ, ಕೈಕಾಲು ತೊಳೆದು, ಮುಖ ಒರೆಸಿಕೊಂಡು ಬಂದು ಎದುರು ಕೂತಳು.

"ಫೋನ್ ಬಂತೇನ್ರಿ ಅಪ್ಪಾ?"

"ಇಲ್ಲ," ಅಂದೆ. ಅವಳ ಮುಖದಲ್ಲಿ ಏನೂ ಬದಲಾಗಲಿಲ್ಲ, ಟವೆಲ್ಲನ್ನು ಹಿಡಿದ ಬೆರಳು ಮಾತ್ರ ಬಿಗಿಯಾದವು. ಹೇಳುವ ಕ್ರಮ ತಪ್ಪಿತೆಂದು ಗೊತ್ತಾಗಿ ಅವಸರವಾಗಿ ಮುಂದುವರಿಸಿದೆ. "ಅವರ ಬಂದಿದ್ರು. ಬಜಾರಕ್ಕ. ಬೀಗರ ಅಂದ್ರು."

ಅವಳು ಟವೆಲ್ಲನ್ನು ಮಡಚಿದಳು. ಬಿಚ್ಚಿ ಮತ್ತೆ ಮಡಚಿದಳು. "ಯಾರಿಗೆ ಅಂದ್ರು?"

"ನನಗ."

"ಎಷ್ಟ ಸಲ?"

"ಎರಡ ಸಲ. ಮೊದಲನೇ ಸಲ ನನಗ ತಿಳೀಲಿಲ್ಲ."

"ಮತ್ತ ನೀವೇನಂದ್ರಿ?"

ನಾನು ಏನಂದೆನೆಂದು ಹೇಳಿದೆ. ಅವಳು ಎದ್ದು ಅಡುಗೆಮನೆಗೆ ಹೋದಳು. ಆಮೇಲೆ ತಾಯಿ ಮಗಳು ಇಬ್ಬರೂ ನಗುವುದು ಕೇಳಿಸಿತು. ನಡುನಡುವೆ "ರೇಂಜ್ ಐತೇನ್ರಿ" ಎಂದು ನನ್ನ ಧ್ವನಿಯಲ್ಲಿ ಒಬ್ಬರು ಹೇಳುವುದು, ಇನ್ನೊಬ್ಬರು "ಇಲ್ರಿ" ಅನ್ನುವುದು, ಮತ್ತೆ ನಗು. ಊಟದವರೆಗೂ ನಡೆಯಿತು. ಊಟದ ನಡುವೆಯೂ ನಡೆಯಿತು.

ಮರುದಿನ ಬೆಳಿಗ್ಗೆ ಅಂಗಿ ಹಾಕಿಕೊಂಡು ಹತ್ತಿರ ಕೈಯಾಡಿಸಿದರೆ ಫೋನುಗಳು ಅಲ್ಲಿರಲಿಲ್ಲ. ನಾನು ಹಿಂದಿನ ಸಂಜೆ ಇಟ್ಟ ಜಾಗದಲ್ಲೇ, ಕಿಟಕಿಯ ಮೇಲೆ, ಮೈತುಂಬ ಕೆಂಪು ಧೂಳು ಹೊದ್ದುಕೊಂಡು ಬಿದ್ದಿದ್ದವು. ಮಗಳು ಆಗಲೇ ಬಸ್ಸಿಗೆ ಹೋಗಿದ್ದಳು. ಹತ್ತು ದಿನದಲ್ಲಿ ಮೊದಲ ಸಲ ಚಾರ್ಜಿಗೆ ಹಚ್ಚುವುದನ್ನು ಮರೆತಿದ್ದಳು. ಎರಡೂ ಕಂಪನಿಗಳ ಫೋನುಗಳು ಪೂರ್ತಿ ಸತ್ತಿದ್ದವು. ನಾನು ಅವನ್ನು ಹಾಗೆಯೇ ಬಿಟ್ಟು ಅಂಗಡಿಗೆ ಹೋದೆ.